ಕೆಂಚವ್ವನ ಮರಿಗಳೂ ಬೂದವ್ವನ ನೀರೂ

ಲೋಕದ ಮಣ್ಣು ಇನ್ನೂ ಹಸಿಯಾಗಿತ್ತು. ಬಂಡೆಯ ಮೇಲೆ ಹಕ್ಕಿ ಕೂತು ಎದ್ದರೆ ಅದರ ಕಾಲಿನ ಗುರುತು ಹಾಗೇ ಮೂಡುತ್ತಿತ್ತು. ಹೊಳೆಗಳಿಗೆ ದಾರಿ ಗೊತ್ತಿರಲಿಲ್ಲ. ಎದುರು ಸಿಕ್ಕವರನ್ನೆಲ್ಲ ನಿಲ್ಲಿಸಿ, "ಸಮುದ್ರ ಯಾವ ಕಡೆ ಬರುತ್ತೆ?" ಎಂದು ಕೇಳುತ್ತಿದ್ದವು. ಆಗಿನ ತಾಯಂದಿರಿಗೆ ಬೇಗ ಮುಪ್ಪು ಬರುತ್ತಿರಲಿಲ್ಲ. ಮೊಮ್ಮಕ್ಕಳು ಮೊಟ್ಟೆಯಿಡುವಾಗಲೂ ಅವರು ಮೊಟ್ಟೆಯಿಡುತ್ತಲೇ ಇದ್ದರು.

ಅಂಥ ಕಾಲದಲ್ಲಿ ಒಂದು ದೊಡ್ಡ ಕೆರೆಯಿತ್ತು. ಕೆರೆಯ ದಂಡೆಯ ಮೇಲೆ ಕೆಂಚವ್ವ ಎಂಬ ಹೇಂಟೆ ಇದ್ದಳು. ಕೆರೆಯೊಳಗೆ, ಜೊಂಡಿನ ನಡುವೆ, ಬೂದವ್ವ ಎಂಬ ಬಾತು ಇದ್ದಳು. ಕೆಂಚವ್ವನಿಗೆ ಈಜು ಬಾರದು. ಬೂದವ್ವನಿಗೆ ಕಾವು ಕೂರಲು ಬಾರದು. ಅದಕ್ಕೇ ಇಬ್ಬರೂ ಗೆಳತಿಯರಾದರು.

ಬೂದವ್ವ ಮೊಟ್ಟೆ ಇಟ್ಟ ಕೂಡಲೇ ಒಂದೊಂದನ್ನೇ ಕೊಕ್ಕಿನಿಂದ ಉರುಳಿಸಿಕೊಂಡು ದಂಡೆಗೆ ಬರುತ್ತಿದ್ದಳು.

"ಕೆಂಚೀ, ಇವನ್ನೂ ನಿನ್ನ ಕೆಳಗೆ ಇಟ್ಟುಕೊಳ್ತೀಯೇನೇ?"

"ಇಡೇ ಇಡು. ನಿನ್ನ ಹೊಟ್ಟೆ ಕೆಳಗಿದ್ರೆ ಪಾಪ, ಮೊಟ್ಟೆಗೇ ನೆಗಡಿ ಬರುತ್ತೆ."

"ನೋಡು ನೋಡು, ಇವಳ ಕೊಬ್ಬು. ಬೆಂಕಿ ನುಂಗಿದವಳ ಹಾಗೆ ಆಡ್ತಾಳೆ."

ಇಬ್ಬರೂ ನಗುತ್ತಿದ್ದರು. ಬೂದವ್ವ ನೀರಿಗಿಳಿದು ಬಸವನಹುಳು, ಪುಟ್ಟ ಮೀನು, ಪಾಚಿ, ಏನು ಸಿಕ್ಕರೂ ತಂದು ಕಾವಿಗೆ ಕೂತವಳ ಮುಂದೆ ಸುರಿಯುತ್ತಿದ್ದಳು. ಕೆಂಚವ್ವ ಕೂತಲ್ಲೇ ತಿನ್ನುತ್ತಿದ್ದಳು.

ಬಾತಿನ ಮೊಟ್ಟೆ ಒಡೆಯುವುದು ನಿಧಾನ. ಕೋಳಿಯ ಮೊಟ್ಟೆಗೆ ಅವಸರ. ಅದು ಕೆಂಚವ್ವನಿಗೆ ಗೊತ್ತಿತ್ತು. ಮೊದಲು ಗೆಳತಿಯ ಮೊಟ್ಟೆಗಳಿಗೆ ಕಾವು ಕೊಟ್ಟು, ಕೆಲವು ದಿನ ಬಿಟ್ಟು ತನ್ನವನ್ನು ಪಕ್ಕದಲ್ಲಿ ಇಟ್ಟುಕೊಳ್ಳುತ್ತಿದ್ದಳು. ಹಾಗೆ ಮಾಡಿದರೆ ಎಲ್ಲ ಮರಿಗಳೂ ಒಂದೇ ದಿನ ಹೊರಬರುತ್ತಿದ್ದವು. ಬಾತಿನ ಮರಿಗಳು ಅವಳನ್ನು ಕಾವವ್ವ ಎಂದು ಕರೆಯುತ್ತಿದ್ದವು. ಕೋಳಿಯ ಮರಿಗಳು ಬೂದವ್ವನನ್ನು ನೀರವ್ವ ಎಂದು ಕರೆಯುತ್ತಿದ್ದವು.

ಮರಿಗಳು ಹೊರಬಂದ ದಿನ ಮೊದಲ ನೀರು ಕುಡಿಸುವ ಪದ್ಧತಿಯಿತ್ತು. ಕೆರೆಯಂಚಿನ ಕೆಸರಿನಲ್ಲಿ ಎಮ್ಮೆಯ ಗೊರಸು ಹೂತು ಒಂದು ಗುಂಡಿಯಾಗಿರುತ್ತಿತ್ತು. ಅದರಲ್ಲಿ ನೀರು ನಿಂತಿರುತ್ತಿತ್ತು. ಮೊದಲು ಮೊಟ್ಟೆ ಇಟ್ಟ ಬೂದವ್ವ ಕೊಕ್ಕು ಅದ್ದಬೇಕು. ಆಮೇಲೆ ಕಾವು ಕೊಟ್ಟ ಕೆಂಚವ್ವ. ಆಮೇಲೆ ಮರಿಗಳೆಲ್ಲ ಒಟ್ಟಿಗೆ, ತಲೆಗೆ ತಲೆ ತಾಗಿಸಿಕೊಂಡು. ಒಂದೇ ಗುಂಡಿಯಲ್ಲಿ ಕುಡಿದವರು ಒಂದೇ ಮನೆಯವರು. ಆ ಪದ್ಧತಿಯನ್ನು ಯಾರು ಮಾಡಿದ್ದೋ ಯಾರಿಗೂ ಗೊತ್ತಿರಲಿಲ್ಲ. ತಪ್ಪಿಸುವ ಯೋಚನೆಯೂ ಯಾರಿಗೂ ಬಂದಿರಲಿಲ್ಲ.

ಹೀಗಿರುವಾಗ ಅರೆಜೀವಿ ಬಂದ.

ಅರೆಜೀವಿ ಅಂದರೆ ಯಾರು? ಭೂಮಿತಾಯಿ ಎಲ್ಲ ಜೀವಗಳನ್ನೂ ಮಾಡಿ ಮುಗಿಸಿ ಕೈ ಕೊಡವಿದಳು. ಆಗ ಬೆರಳಿನಿಂದ ಉದುರಿದ ಧೂಳಿನಲ್ಲಿ ಅವನಿದ್ದ. ಅವನಿಗೆ ಬಾಯಿಲ್ಲ, ಹೊಟ್ಟೆಯಿಲ್ಲ, ಕಾಲಿಲ್ಲ. ಅವನ ಹತ್ತಿರ ಇದ್ದದ್ದು ಒಂದೇ ಒಂದು ಮಾತು: 'ನನ್ನಂಥವನನ್ನು ಮಾಡು.' ಹೊರಗಿದ್ದಾಗ ಆ ಮಾತನ್ನು ಕೇಳುವವರೇ ಇರಲಿಲ್ಲ. ಯಾರದಾದರೂ ಮೈಯೊಳಗೆ ನುಸುಳಿದರೆ ಮಾತ್ರ ಆ ಮಾತಿಗೆ ಬೆಲೆ. ಮೈಯೊಳಗೆ ಹೋಗಿ ಅವನು ಆ ಮಾತನ್ನು ಹೇಳಿದರೆ, ಪಾಪದ ಮೈ ತನ್ನ ಕೆಲಸವನ್ನೆಲ್ಲ ಬಿಟ್ಟು ಅವನಂಥವರನ್ನೇ ಮಾಡುತ್ತಾ ಕೂರುತ್ತಿತ್ತು.

ಅವನು ನೀರಿನಲ್ಲಿ ತೇಲಿಕೊಂಡು ಬಂದು ಮೊದಲು ನುಸುಳಿದ್ದು ಬಾತುಗಳ ಮೈಗೆ.

ಆ ವರ್ಷ ಜೊಂಡಿನ ತುಂಬ ಬಾತುಗಳು ಕುತ್ತಿಗೆ ಚೆಲ್ಲಿ ಬಿದ್ದವು. ಕಾಯಿಲೆ ಹತ್ತಿದವು ಈಜಿ ದಂಡೆ ಮುಟ್ಟುವ ಮೊದಲೇ ಸಾಯುತ್ತಿದ್ದವು. ಬೂದವ್ವ ಹೇಗೋ ಉಳಿದಳು. ಅವಳ ಮಕ್ಕಳಲ್ಲಿ ಉಳಿದವರು ಕಡಿಮೆ.

"ಅಳಬೇಡ್ವೇ," ಎಂದಳು ಕೆಂಚವ್ವ. "ಇರೋ ಮೊಟ್ಟೆ ತಂದಿಡು. ನಾನಿದ್ದೀನಲ್ಲ."

ಬೂದವ್ವ ತಂದಿಟ್ಟಳು. ಕೆಂಚವ್ವ ಕಾವು ಕೂತಳು. ಆ ಮರಿಗಳಲ್ಲಿ ಕೆಲವರ ಮೈಬಾಗಿಲಿನ ಅಗುಳಿ ಸ್ವಲ್ಪ ಬೇರೆಯಾಗಿತ್ತು. ಯಾರೂ ಬೇಕೆಂದು ಬದಲಿಸಿದ್ದಲ್ಲ, ಹುಟ್ಟುವಾಗಲೇ ಹಾಗಿತ್ತು. ಅರೆಜೀವಿ ಬಂದು ತಳ್ಳಿದ, ತೆರೆಯಲಿಲ್ಲ. ಆ ಮರಿಗಳು ಉಳಿದವು. ಉಳಿದವು ದೊಡ್ಡವಾಗಿ ಮೊಟ್ಟೆ ಇಟ್ಟವು. ಅವುಗಳ ಮರಿಗಳಿಗೂ ಅದೇ ಅಗುಳಿ ಬಂತು.

ಆದರೆ ಅರೆಜೀವಿ ಒಬ್ಬನಲ್ಲ. ಒಂದೇ ಮಾತನ್ನು ಸಾವಿರ ಸಲ, ಲಕ್ಷ ಸಲ ಹೇಳಿಸಿದರೆ ಎಲ್ಲೋ ಒಂದು ಕಡೆ ಮಾತು ತಪ್ಪುತ್ತದೆ. ಹಾಗೆ ತಪ್ಪಿ ಹುಟ್ಟಿದ ಒಬ್ಬನಿಗೆ ಹೊಸ ಅಗುಳಿ ತೆರೆಯಲು ಬಂತು. ಮತ್ತೆ ಜೊಂಡಿನಲ್ಲಿ ಬಾತುಗಳು ಬಿದ್ದವು. ಮತ್ತೆ ಬೂದವ್ವ ಮೊಟ್ಟೆ ಉರುಳಿಸಿಕೊಂಡು ಬಂದಳು. ಮತ್ತೆ ಕೆಂಚವ್ವ ಕಾವು ಕೂತಳು. ಮತ್ತೆ ಯಾರಿಗೋ ಬೇರೆ ಅಗುಳಿ. ಮತ್ತೆ ಇನ್ಯಾರೋ ತೆರೆಯುವವ.

ಅರೆಜೀವಿಗಳಲ್ಲೂ ಸಾವಿತ್ತು. ಆತುರದವರು ನುಸುಳಿದ ಮನೆಯನ್ನು ಒಂದೇ ಸಲಕ್ಕೆ ಕೆಡವಿ, ಅದರಡಿಯಲ್ಲೇ ತಾವೂ ಮಣ್ಣಾದರು. ಮೆತ್ತಗಿದ್ದವರು ಬಾತಿನ ಹೊಟ್ಟೆಯ ಮೂಲೆಯಲ್ಲಿ ಕೂತು, ಸ್ವಲ್ಪ ಸ್ವಲ್ಪವೇ ಹೆಚ್ಚಿಕೊಂಡು, ಹಿಕ್ಕೆಯ ಜೊತೆ ನೀರಿಗಿಳಿದು ಇನ್ನೊಂದು ಬಾತನ್ನು ಸೇರಿಕೊಂಡರು. ಕಡೆಗೆ ಉಳಿದದ್ದು ಮೆತ್ತಗಿನ ಅರೆಜೀವಿಗಳು ಮತ್ತು ಗಟ್ಟಿ ಬಾತುಗಳು. ಯಾರೂ ಬುದ್ಧಿ ಕಲಿಯಲಿಲ್ಲ. ಹೋಗುವವರು ಹೋದರು, ಇರುವವರು ಇದ್ದರು. ಆಮೇಲೆ ಇದ್ದವರನ್ನು ನೋಡಿ, ಆಹಾ ಎಂಥ ಬುದ್ಧಿವಂತರು ಎಂದು ಎಲ್ಲರೂ ಹೊಗಳಿದರು.

ಕೆರೆಗೆ ಶಾಂತಿ ಬಂತು. ಬಾತುಗಳ ಗರಿ ಮಿರಿಮಿರಿ ಮಿಂಚಿತು. ಜೊಂಡಿನೊಳಗೇ ಅಡಗಿರುತ್ತಿದ್ದ ಬಾತುಗಳು ಈಗ ಕೆರೆಯ ಉದ್ದಗಲಕ್ಕೂ ತೇಲಿದವು, ದಂಡೆಗೆ ಹತ್ತಿದವು, ಎಲ್ಲೆಂದರಲ್ಲಿ ಹಿಕ್ಕೆ ಹಾಕಿದವು. ಅವುಗಳ ಜೊತೆ ಅರೆಜೀವಿಯೂ ಎಲ್ಲ ಕಡೆ ಹೋದ.

ಕೆಂಚವ್ವನಿಗೆ ಎಲ್ಲಿಲ್ಲದ ಖುಷಿ. "ನೋಡೇ, ನಾನು ಹೇಳಿರಲಿಲ್ವಾ? ನನ್ನ ಕಾವು ಅಂದ್ರೆ ಸುಮ್ನೆ ಅಲ್ಲ!"

ಬೂದವ್ವ ಹುಳು ಹುಡುಕುವ ನೆವ ಮಾಡಿ ನೀರಿಗಿಳಿದಳು. ಆ ಸಲ ಮೊಟ್ಟೆಗಳನ್ನು ತಂದಿಟ್ಟಾಗಲೂ ಅವಳು ಜಾಸ್ತಿ ಮಾತಾಡಲಿಲ್ಲ. ಹುಳುಗಳನ್ನು ತಂದು ಸುರಿದು, ನಿಲ್ಲದೆ ಹೋಗಿಬಿಡುತ್ತಿದ್ದಳು. ಕೆಂಚವ್ವನಿಗೆ ಅದು ಮನಸ್ಸಿಗೆ ತಾಗಿತು. ಆದರೂ, ಮಕ್ಕಳು ಮರಿ ಜಾಸ್ತಿಯಾಗಿವೆ, ಪುರುಸೊತ್ತಿಲ್ಲವೇನೋ ಎಂದು ಸುಮ್ಮನಾದಳು.

ಮೊಟ್ಟೆಗಳು ಒಡೆದವು. ಬಾತಿನ ಮರಿಗಳು ಹಳದಿ ಮುದ್ದೆಗಳ ಹಾಗೆ ಉರುಳಿ ಬಂದವು. ಕೆಂಚವ್ವನ ಮರಿಗಳೂ ಬಂದವು. ಅವಳ ಒಂದೇ ಒಂದು ಮೊಟ್ಟೆ ಮಾತ್ರ ಇನ್ನೂ ಒಡೆದಿರಲಿಲ್ಲ. "ಇದೊಂದು ಸೋಮಾರಿ," ಎಂದು ಅದನ್ನು ಒಣಹುಲ್ಲಿನಲ್ಲಿ ಮುಚ್ಚಿಟ್ಟು, ಉಳಿದವರನ್ನೆಲ್ಲ ಕರೆದುಕೊಂಡು ಗೊರಸಿನ ಗುಂಡಿಗೆ ಹೊರಟಳು.

ಬೂದವ್ವ ಆಗಲೇ ಅಲ್ಲಿ ನಿಂತಿದ್ದಳು. ಕೊಕ್ಕು ಅದ್ದಿರಲಿಲ್ಲ.

"ಅದ್ದೇ. ಮರಿಗಳಿಗೆ ಬಾಯಾರಿದೆ."

"ಕೆಂಚೀ..." ಬೂದವ್ವ ಬೇರೆ ಕಡೆ ನೋಡಿದಳು. "ಈ ಸಲ ನಿನ್ನ ಮರಿಗಳು ಇಲ್ಲಿ ಕುಡಿಯೋದು ಬೇಡ."

"ಮತ್ತೆ?"

"ಬೇರೆ ಎಲ್ಲಾದರೂ ಕುಡೀಲಿ. ಆ ಕಡೆ ಬಂಡೆ ಮೇಲೆ ಮಳೆ ನೀರು ನಿಂತಿದೆ."

"ಯಾಕೆ?"

"ಯಾಕೆ ಅಂದ್ರೆ... ಬೇಡ ಅಷ್ಟೇ ಕಣೇ. ಇದು ನಮ್ಮ ನೀರು."

ನಮ್ಮ ನೀರು. ಕೆಂಚವ್ವ ಆ ಮಾತನ್ನು ಅವಳ ಬಾಯಲ್ಲಿ ಯಾವತ್ತೂ ಕೇಳಿರಲಿಲ್ಲ. ಅವಳ ಕುತ್ತಿಗೆಯ ಗರಿಗಳೆಲ್ಲ ಎದ್ದು ನಿಂತವು.

ಅಲ್ಲೇ ಸುಳಿಯುತ್ತಿದ್ದ ಗಾಳಿಗೆ ಇಂಥದ್ದು ಅಂದರೆ ಹಬ್ಬ. "ಕೇಳಿಸ್ಕೊಂಡ್ಯಾ ಕೆಂಚವ್ವಾ?" ಎಂದಿತು. "ಮೈಗೆ ಮಿಂಚು ಬಂದ ಮೇಲೆ ನೀರೂ ಬೇರೆ ಆಯ್ತು. ನಾಳೆ ದಂಡೆ ಬೇರೆ, ನಾಡಿದ್ದು ನೆರಳು ಬೇರೆ."

"ನೀನು ಸುಮ್ನಿರು," ಎಂದಳು ಬೂದವ್ವ ಗಾಳಿಗೆ.

"ಅದ್ಯಾಕೆ ಸುಮ್ನಿರಬೇಕು?" ಕೆಂಚವ್ವ ಮುಂದೆ ಬಂದಳು. "ನಿನ್ನ ಮಕ್ಕಳು ಬಿದ್ದಾಗ ಈ ಮಾತು ಇರಲಿಲ್ಲ. ಮೊಟ್ಟೆ ಉರುಳಿಸಿಕೊಂಡು ಬಂದಾಗ ಇರಲಿಲ್ಲ. ನನ್ನ ಕಾವು ಆಗುತ್ತೆ, ನನ್ನ ಮರಿಗಳ ಕೊಕ್ಕು ಆಗಲ್ವಾ? ಅವು ಅದ್ದಿದ್ರೆ ನಿನ್ನ ನೀರು ಕೆಡುತ್ತಾ?"

"ಹಾಗಲ್ಲ ಕಣೇ ಕೆಂಚೀ..."

"ಹೇಗೆ ಮತ್ತೆ? ಹೇಳು. ಎಲ್ಲರೂ ಕೇಳ್ಲಿ."

ಬೂದವ್ವ ಬಾಯಿ ತೆರೆದಳು. ತನ್ನ ಮರಿಗಳನ್ನು ನೋಡಿದಳು. ಅವು ಕೆಂಚವ್ವನ ರೆಕ್ಕೆಯಡಿ ತಲೆ ತೂರಿಸಿಕೊಂಡು ನಿಂತಿದ್ದವು. ಅವಳು ಬಾಯಿ ಮುಚ್ಚಿದಳು.

"ಹೇಳೋಕೆ ನಾಚಿಕೆ ಆಗುತ್ತೆ, ಮಾಡೋಕೆ ನಾಚಿಕೆ ಇಲ್ಲ!" ಎಂದು ಕೆಂಚವ್ವ ತಾನೇ ಕೊಕ್ಕು ಅದ್ದಿದಳು. ಬುಳುಬುಳು ಕುಡಿದಳು. ಆಮೇಲೆ ತನ್ನ ಮರಿಗಳನ್ನು ಒಂದೊಂದಾಗಿ ಕುತ್ತಿಗೆ ಹಿಂದಿನಿಂದ ತಳ್ಳಿ ಕುಡಿಸಿದಳು. ಸಾಕು ಎಂದ ಮರಿಗೂ ಇನ್ನೊಂದು ಸಲ ಕುಡಿಸಿದಳು. "ಕುಡೀರಿ. ಹೊಟ್ಟೆ ತುಂಬ ಕುಡೀರಿ. ಯಾರ ನೀರೋ ನೋಡೇಬಿಡೋಣ."

ಬೂದವ್ವ ನೋಡುತ್ತಾ ನಿಂತಿದ್ದಳು. ಅವಳು ನೀರಿಗಿಳಿದು ಹೋದದ್ದು ಯಾವಾಗಲೋ ಕೆಂಚವ್ವ ಗಮನಿಸಲಿಲ್ಲ.

ಮಾರನೆಯ ದಿನ ಒಂದು ಮರಿ ರೆಕ್ಕೆ ಜೋಲಿಸಿ ಮೂಲೆಗೆ ಕೂತಿತು. ನಿದ್ದೆಗಣ್ಣು ಎಂದುಕೊಂಡಳು ಕೆಂಚವ್ವ. ಸಂಜೆಗೆ ಇನ್ನೊಂದು ಕುತ್ತಿಗೆಯನ್ನು ಬೆನ್ನ ಮೇಲೆ ತಿರುಚಿಕೊಂಡು ಸುತ್ತತೊಡಗಿತು. ಅವಳಿಗೂ ಮೈ ಸುಟ್ಟಿತು, ಜುಟ್ಟು ನೇರಳೆ ಬಣ್ಣಕ್ಕೆ ತಿರುಗಿತು. ಸುಡುವ ಮೈಯಲ್ಲೇ ರೆಕ್ಕೆ ಹರಡಿ ಎಲ್ಲರನ್ನೂ ಅಡಿಗೆ ಎಳೆದುಕೊಂಡಳು. ಅವಳಿಗೆ ಗೊತ್ತಿದ್ದ ಔಷಧಿ ಅದೊಂದೇ. ಕಾವು ಕೊಡುವುದು.

ಅವಳ ಜ್ವರ ಇಳಿಯಿತು. ಎಚ್ಚರವಾದಾಗ ರೆಕ್ಕೆಯಡಿ ಬಿಸಿ ಇರಲಿಲ್ಲ.

ಬಾತಿನ ಮರಿಗಳು ಮಾತ್ರ ಸುತ್ತ ಓಡಾಡಿಕೊಂಡಿದ್ದವು. ಅವಕ್ಕೇನೂ ಆಗಿರಲಿಲ್ಲ. ಒಂದು ಬಂದು ಬಿದ್ದಿದ್ದ ಕೋಳಿಮರಿಯನ್ನು ಕೊಕ್ಕಿನಿಂದ ಮೆಲ್ಲಗೆ ತಳ್ಳಿ ನೋಡಿತು. "ಕಾವವ್ವಾ, ಇವನು ಆಟಕ್ಕೆ ಬಾ ಅಂದ್ರೆ ಬರ್ತಾ ಇಲ್ಲ."

ಕೆಂಚವ್ವ ಎದ್ದಳು. ಹುಲ್ಲಿನಲ್ಲಿ ಮುಚ್ಚಿಟ್ಟಿದ್ದ ಮೊಟ್ಟೆಗೆ ಕಿವಿ ಕೊಟ್ಟಳು. ಒಳಗೆ ಕಟ್ ಕಟ್ ಎಂದು ಯಾರೋ ಬಡಿಯುತ್ತಿದ್ದರು. ಅವಳು ನೇರ ಕೆರೆಯಂಚಿಗೆ ನಡೆದಳು.

"ಬೂದೀ! ಬಾರೇ ಈಚೆ!"

ಬೂದವ್ವ ಜೊಂಡಿನಿಂದ ಈಚೆ ಬಂದಳು. ಹತ್ತಿರ ಬರಲಿಲ್ಲ.

"ನಿನಗೆ ಗೊತ್ತಿತ್ತು," ಎಂದಳು ಕೆಂಚವ್ವ.

"ಗೊತ್ತಿತ್ತು. ಅವನು ನನ್ನ ಹೊಟ್ಟೆಯಲ್ಲೇ ಇದ್ದಾನೆ. ನನ್ನ ಮಕ್ಕಳ ಹೊಟ್ಟೆಯಲ್ಲೂ. ಕೋಳಿಯ ಅಗುಳಿ ತೆರೆಯುವವನೊಬ್ಬ ನಮ್ಮಲ್ಲಿ ಹುಟ್ಟಿದ್ದಾನೆ ಅಂತ ಅವನೇ ಹೇಳಿದ್ದ."

"ಬಾಯಿ ಬಿಟ್ಟು ಹೇಳಬಹುದಿತ್ತಲ್ಲೇ."

"ಹೇಳಿದ್ರೆ ನೀನು ಇನ್ನೊಂದು ಸಲ ನನ್ನ ಮೊಟ್ಟೆ ಮೇಲೆ ಕೂರ್ತಿದ್ಯಾ?"

ಕೆಂಚವ್ವ ಕೆರೆಯ ಕಡೆ ತಿರುಗಿ ಕೇಳಿದಳು, "ನೀನಾದ್ರೂ ಹೇಳಬಹುದಿತ್ತು, ದೊಡ್ಡವಳು."

"ನಾನು ನೀರು ಕಣವ್ವಾ," ಎಂದಿತು ಕೆರೆ. "ಯಾರು ಏನು ಬಿಟ್ರೂ ಇಟ್ಕೊಳ್ತೀನಿ. ಯಾರು ಬಂದ್ರೂ ಕೊಡ್ತೀನಿ. ಕುಡಿಯಬೇಡ ಅಂತ ಹೇಳೋಕೆ ನನಗೆ ಬರಲ್ಲ."

ಆಗ ನೀರಿನಂಚಿನಿಂದಲೇ ಒಂದು ಸಣ್ಣ ದನಿ ಬಂತು. ಅರೆಜೀವಿಯ ದನಿ. ಬೂದವ್ವನ ಗಂಟಲಿನಲ್ಲಿ ಕೂತು, ಅವಳ ಉಸಿರಿನಲ್ಲೇ ಮಾತಾಡುತ್ತಿದ್ದ.

"ನಿನ್ನ ಮೇಲೆ ನನಗೆ ಸಿಟ್ಟಿಲ್ಲ ಕೆಂಚವ್ವಾ. ಬೂದವ್ವನ ಮನೆಯಲ್ಲಿ ನಾನು ಬೆಳೆದವನು. ಯಾವ ಹಲಗೆ ಮೇಲೆ ಕಾಲಿಟ್ರೆ ಕಿರುಗುಟ್ಟುತ್ತೆ ಅಂತ ಗೊತ್ತು. ನಿನ್ನ ಮನೆ ಹೊಸದು. ಒಂದು ಹೆಜ್ಜೆ ಇಟ್ಟೆ, ತೊಲೆಯೇ ಬಿತ್ತು. ನನಗೂ ನಷ್ಟವೇ."

"ನಷ್ಟವಂತೆ," ಎಂದಳು ಕೆಂಚವ್ವ. "ಹಾಗಾದ್ರೆ ನನ್ನ ಮನೆಯಲ್ಲೂ ಮೆತ್ತಗೆ ನಡೆಯೋದು ಕಲಿ."

"ಕಲೀತೀನಿ. ಅದೇನು ಕಷ್ಟವಲ್ಲ. ನೀನು ಮೊಟ್ಟೆ ಇಡು, ಮರಿ ಮಾಡು, ನೀರಿಗೆ ಕಳಿಸು. ನಾನು ಬರ್ತೀನಿ. ಮತ್ತೆ ಇಡು, ಮತ್ತೆ ಕಳಿಸು. ಒಂದು ದಿನ ನಿನ್ನ ಮರಿಗಳ ಅಗುಳಿ ಗಟ್ಟಿಯಾಗುತ್ತೆ, ನನ್ನ ಹೆಜ್ಜೆ ಹಗುರಾಗುತ್ತೆ. ಬೂದವ್ವನಿಗೂ ಹಾಗೇ ಆದದ್ದು."

"ಎಷ್ಟು ಮಕ್ಕಳು ಬೇಕಾಗುತ್ತೆ?"

"ನನಗೆ ಲೆಕ್ಕ ಬರಲ್ಲ. ಅವಳನ್ನೇ ಕೇಳು."

ಕೆಂಚವ್ವ ಬೂದವ್ವನ ಕಡೆ ನೋಡಿದಳು. ಬೂದವ್ವನ ಮಿಂಚುವ ಗರಿಗಳ ಮೇಲೆ ನೀರು ನಿಲ್ಲದೆ ಜಾರುತ್ತಿತ್ತು.

"ಕೇಳಬೇಡ್ವೇ," ಎಂದಳು ಬೂದವ್ವ. "ಉಳಿದವರನ್ನ ನೋಡಿ ಜನ ನನ್ನನ್ನ ಗಟ್ಟಿಗಿತ್ತಿ ಅಂತಾರೆ. ನಾನೇನೂ ಮಾಡಲಿಲ್ಲ. ಹೆರ್ತಾ ಹೋದೆ, ಕಳ್ಕೊಳ್ತಾ ಹೋದೆ. ಅಷ್ಟೇ."

ಹಿಂದಿನಿಂದ, ಹುಲ್ಲಿನ ಒಳಗಿನಿಂದ, ಕಟ್ ಎಂದು ಚಿಪ್ಪು ಬಿರಿದ ಸದ್ದು ಬಂತು.

"ಕೊಡಲ್ಲ," ಎಂದಳು ಕೆಂಚವ್ವ.

"ಯೋಚನೆ ಮಾಡು. ಕೊಡದಿದ್ರೆ ನಿನ್ನ ಮನೆಯವರಿಗೆ ನಾನು ಯಾವತ್ತೂ ಹೊಸಬನೇ. ಬಂದಾಗಲೆಲ್ಲ ತೊಲೆ ಬೀಳುತ್ತೆ."

"ಬೀಳಲಿ. ನಾನಾಗೇ ಒಂದು ಮರಿಯನ್ನೂ ಕಳಿಸಲ್ಲ."

ಅರೆಜೀವಿಗೆ ಅವಸರವಿರಲಿಲ್ಲ.

ಕೆಂಚವ್ವ ಬಿರಿದ ಮೊಟ್ಟೆಯಿಂದ ಒದ್ದೆ ಮರಿಯನ್ನು ಈಚೆ ಎಳೆದಳು. ಅದನ್ನು ಮುಂದೆ ಬಿಟ್ಟುಕೊಂಡು ಕೆರೆಗೆ ಬೆನ್ನು ಮಾಡಿ, ಒಣಭೂಮಿಯ ಕಡೆಗೆ ನಡೆದಳು. ಮೊದಲ ನೀರನ್ನು ಬಂಡೆಯ ಮೇಲಿನ ಮಳೆ ನೀರಿನಲ್ಲಿ ಕುಡಿಸಿದಳು. ಬೂದವ್ವ ತೋರಿಸಿದ್ದ ಅದೇ ಬಂಡೆ.

ಬಾತಿನ ಮರಿಗಳು ಸಾಲಾಗಿ ಹಿಂದೆ ಬಂದವು. "ಕಾವವ್ವಾ, ನಿಲ್ಲು! ನಮ್ಮ ಕಾಲು ಸಣ್ಣದು!"

ಅವಳು ನಿಂತಳು. ಅವು ಓಡಿ ಬಂದು, ರೂಢಿಯ ಹಾಗೆ ರೆಕ್ಕೆಯಡಿ ತಲೆ ತೂರಿಸಲು ನೋಡಿದವು. ಅವಳು ಮುಂದಿನ ಮರಿಯ ತಲೆಗೆ ಕುಕ್ಕಿದಳು. ಅದು ನಂಬಲಿಲ್ಲ, ಮತ್ತೆ ಬಂತು. ಮತ್ತೆ ಕುಕ್ಕಿದಳು. ರಕ್ತ ಬರುವ ಹಾಗೆ ಕುಕ್ಕಿದಳು. ಮರಿಗಳು ಅಳುತ್ತಾ ನೀರಿನ ಕಡೆ ಓಡಿದವು. ಅವು ನೀರಿಗಿಳಿದು ತೇಲುವವರೆಗೂ ಅವಳು ಅಲ್ಲೇ ನಿಂತಿದ್ದಳು. ಆಮೇಲೆ ಹೊರಟಳು.

ಮುಂದಿನ ಸಲ ಬೂದವ್ವ ಮೊಟ್ಟೆ ಉರುಳಿಸಿಕೊಂಡು ದಂಡೆಗೆ ಬಂದಾಗ ಅಲ್ಲಿ ಯಾರೂ ಇರಲಿಲ್ಲ. ಆ ಮೊಟ್ಟೆಗಳು ತಣ್ಣಗಾಗಿ ಕೆಟ್ಟವು. ಆಗ ಅವಳು ತನ್ನವರನ್ನೆಲ್ಲ ಕಟ್ಟಿಕೊಂಡು, ಯಾರ ಮುಖವೂ ಕಾಣದ ಬಡಗಣ ದಿಕ್ಕಿಗೆ ಹಾರಿಹೋದಳು. ಅಲ್ಲಿ ಹಿಮದ ನಾಡಿನಲ್ಲಿ, ತನ್ನ ಎದೆಯ ನವಿರು ಗರಿಗಳನ್ನು ತಾನೇ ಕಿತ್ತು ಮೊಟ್ಟೆಗೆ ಹೊದಿಸಿ, ಬರಿದಾದ ಎದೆ ಒತ್ತಿ ಕಾವು ಕೊಡುವುದನ್ನು ಕಲಿತಳು. ಈಗಲೂ ಅವಳ ಕುಲದವರು ಚಳಿಗಾಲಕ್ಕೆ ನಮ್ಮ ಕೆರೆಗಳಿಗೆ ಬರುತ್ತಾರೆ. ಹೊಟ್ಟೆಯಲ್ಲಿ ಅರೆಜೀವಿಯನ್ನು ಇಟ್ಟುಕೊಂಡೇ ಬರುತ್ತಾರೆ. ಅವರಿಗೆ ಜ್ವರವಿಲ್ಲ, ಸುಸ್ತಿಲ್ಲ. ಅವನೂ ಸುಮ್ಮನಿರುತ್ತಾನೆ.

ಕೆಂಚವ್ವ ಉಳಿಸಿಕೊಂಡ ಆ ಒಂದು ಮರಿಯಿಂದಲೇ ನಮ್ಮ ಹಿತ್ತಲ ಕೋಳಿಗಳ ಕುಲ ಬೆಳೆಯಿತು. ಅವಳು ಅವಕ್ಕೆ ಕೆರೆ ತೋರಿಸಲಿಲ್ಲ, ಒಣಮಣ್ಣು ಕೆದರುವುದನ್ನು ಕಲಿಸಿದಳು. ಆದರೂ ಬಾಯಾರಿಕೆ ಎನ್ನುವುದು ಇದೆಯಲ್ಲ. ನೀರಿಲ್ಲದೆ ಆಗುವುದಿಲ್ಲ. ಅವಳು ಎಲ್ಲಿ ನೀರು ಕಂಡರೂ ಒಂದು ಗುಟುಕು ತೆಗೆದುಕೊಳ್ಳುವಳು, ತಟ್ಟನೆ ತಲೆಯೆತ್ತಿ ಆಕಾಶದಲ್ಲಿ ಬೂದವ್ವನ ಕುಲದವರು ಬರುತ್ತಿದ್ದಾರೇನೋ ಎಂದು ನೋಡುವಳು. ಬಂದುಬಿಟ್ಟರೆ ಎಂಬ ದಿಗಿಲು ಒಂದು. ತನ್ನ ರೆಕ್ಕೆಯಡಿ ಕಣ್ಣು ಬಿಟ್ಟವರು, ತಾನೇ ಕುಕ್ಕಿ ಓಡಿಸಿದವರು, ಆ ಸಾಲಿನಲ್ಲಿ ಎಲ್ಲಿದ್ದಾರೆ ಎಂಬ ಹುಡುಕಾಟ ಇನ್ನೊಂದು. ಯಾವುದು ಎಷ್ಟು ಎಂದು ಅವಳು ಯಾರಿಗೂ ಹೇಳಲಿಲ್ಲ. ಮರಿ ಅವಳನ್ನು ನೋಡಿ ಕಲಿತಿತು, ಮರಿಯನ್ನು ನೋಡಿ ಅದರ ಮರಿ.

ಅದಕ್ಕೇ ಕಂದಾ, ನೀನು ಹಿತ್ತಲಲ್ಲಿ ತೆಂಗಿನ ಚಿಪ್ಪಿನ ತುಂಬ ಎಷ್ಟು ತಿಳಿನೀರು ಇಟ್ಟರೂ, ಕೋಳಿ ಒಂದು ಗುಟುಕು ಕುಡಿದು, ಕೊಕ್ಕೆತ್ತಿ ಖಾಲಿ ಆಕಾಶವನ್ನು ಒಮ್ಮೆ ನೋಡಿ, ಆಮೇಲೆಯೇ ಇನ್ನೊಂದು ಗುಟುಕಿಗೆ ಬಗ್ಗುತ್ತದೆ.